ಮಲ್ಪೆಯ ಉಪ್ಪುಗಾಳಿಯಲ್ಲಿ ವೈಬ್ರೇಶನ್ ಸೆನ್ಸರ್ ಅಂಟಿಸಿದ ಅನುಭವ

ಮಲ್ಪೆಯ ಒಂದು ಐಸ್ ಪ್ಲಾಂಟಿನ ಮೆಂಟೆನೆನ್ಸ್ ನನ್ನ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೀನಿಲ್ಲದಿದ್ದರೆ ಐಸ್ ಯಾರಿಗೆ ಬೇಕು? ಆ 61 ದಿನ ನಮ್ಮ ಮೆಷಿನ್‌ಗಳಿಗೂ ರಜೆ, ರಿಪೇರಿಯೆಲ್ಲ ಆಗಲೇ ಮುಗಿಯಬೇಕು. ಆದರೆ ಜೋರು ಮಳೆಯೂ ಆಗಲೇ. ಗೋಡೆ, ಕಬ್ಬಿಣ, ಕೈಯಲ್ಲಿರುವ ಬಟ್ಟೆ, ಯಾವುದೂ ಒಣಗುವುದಿಲ್ಲ.

ಕಂಪ್ರೆಸರ್ ಮೋಟರಿಗೆ ವೈಬ್ರೇಶನ್ ಸೆನ್ಸರ್ ಹಾಕಿದ್ದು ಅಂಥ ಒಂದು ಜೂನ್‌ನಲ್ಲಿ. ಅದು ಮೋಟರಿನ ಕಂಪನ ಅಳೆಯುತ್ತದೆ, ಬೇರಿಂಗ್ ಕೆಡುತ್ತಿದ್ದರೆ ಅದರಲ್ಲೇ ಗೊತ್ತಾಗುತ್ತದೆ. ತೂತು ಕೊರೆದು ಸ್ಕ್ರೂ ಮಾಡಿದರೆ ಎಲ್ಲಕ್ಕಿಂತ ಗಟ್ಟಿ. ಆದರೆ ಚೆನ್ನಾಗಿ ಓಡುವ ಮೋಟರಿನ ಬೇರಿಂಗ್ ಹೌಸಿಂಗ್ (ಬೇರಿಂಗ್ ಕೂರುವ ಕಬ್ಬಿಣದ ಕವಚ) ಕೊರೆಯಲು ಮನಸ್ಸಾಗಲಿಲ್ಲ. ಬಟ್ಟೆಯಲ್ಲಿ ಒರೆಸಿ, ಇನ್‌ಸ್ಟಂಟ್ ಗಮ್ ಹಾಕಿ ಒತ್ತಿದೆ. ಕಲ್ಲಿನಂತೆ ಕೂತಿತು.

ಆಗಸ್ಟ್‌ನಲ್ಲಿ ಪ್ಲಾಂಟ್ ಶುರುವಾಯಿತು. ಮೋಟರ್ ನಿಮಿಷಕ್ಕೆ 1440 ಸುತ್ತು, ಅಂದರೆ ಸೆಕೆಂಡಿಗೆ 24, ಅದೇ 24 ಹರ್ಟ್ಸ್. ಆ ರೀಡಿಂಗ್ ಸರಿಯಾಗಿಯೇ ಬರುತ್ತಿತ್ತು. ಕಿಲೋಹರ್ಟ್ಸ್ ಭಾಗದ್ದು, ಅಂದರೆ ಸೆಕೆಂಡಿಗೆ ಸಾವಿರಾರು ಸಲದ ವೇಗದ ಕಂಪನದ್ದು ಮಾತ್ರ ವಾರದಿಂದ ವಾರಕ್ಕೆ ಇಳಿಯಿತು. ಬೇರಿಂಗ್ ಚೆನ್ನಾಗಿದೆ ಎಂದೇ ಖುಷಿಪಟ್ಟೆ. ಒಂದು ದಿನ ಆಪರೇಟರ್ ಬಂದು, "ಸಾರ್, ಬೇರಿಂಗ್ ಸದ್ದು ಮಾಡ್ತಾ ಉಂಟು" ಎಂದರು. ಹೋಗಿ ಸೆನ್ಸರ್ ಹಿಡಿದೆ, ಕಳಚಿ ಕೈಗೇ ಬಂತು. ತಿರುಗಿಸಿ ನೋಡಿದರೆ ಗಮ್ ಹಾಗೇ ಇದೆ. ಅದಕ್ಕೆ ಉಗುರಿನಷ್ಟಗಲ ಹಸಿರು ಬಣ್ಣದ ಚಕ್ಕೆ ಅಂಟಿದೆ. ಚಕ್ಕೆಯ ಹಿಂದೆ ಕೆಂಪು ತುಕ್ಕು. "ನೀವು ಅಂಟಿಸಿದ್ದು ಬಣ್ಣಕ್ಕೆ ಮಾರಾಯ್ರೆ, ಕಬ್ಬಿಣಕ್ಕಲ್ಲ" ಎಂದರು ಅವರು.

ಸೆನ್ಸರಿಗೂ ಕಬ್ಬಿಣಕ್ಕೂ ನಡುವೆ ಏನು ಮೆತ್ತಗಿದ್ದರೂ ಅದು ಸ್ಪ್ರಿಂಗ್ ಥರ. ನಿಧಾನದ ಅಲುಗಾಟ ದಾಟಿ ಬರುತ್ತದೆ, ವೇಗದ್ದು ಅಲ್ಲೇ ಸಾಯುತ್ತದೆ. ಬೇರಿಂಗ್ ಕೆಡುವಾಗ ಮೊದಲು ತೋರುವುದೇ ಆ ವೇಗದ ಕಂಪನ ಅಲ್ವಾ? ಹಾಗಾಗಿ ಇದಕ್ಕೆ ಡಬಲ್ ಸೈಡ್ ಟೇಪ್ ನಾನು ಮುಟ್ಟುವುದಿಲ್ಲ. ಗಮ್ ದಪ್ಪ ಆದರೂ ಅದೇ ಕತೆ.

ಈಗ ಹೊಳೆಯುವ ಕಬ್ಬಿಣ ಕಾಣುವವರೆಗೆ ಬಣ್ಣ ಕೆರೆದು ಎಮರಿ ಪೇಪರ್ ಹಾಕುತ್ತೇನೆ. ಆಮೇಲೆ ಮೊದಲು ನೀರು, ನಂತರ ಅಸಿಟೋನ್. ಅಸಿಟೋನ್ ಎಣ್ಣೆ ತೆಗೆಯುತ್ತದೆ, ಉಪ್ಪು ತೆಗೆಯುವುದಿಲ್ಲ. ನಮ್ಮಲ್ಲಿ ಕಡಲ ಗಾಳಿಯ ಜೊತೆಗೆ ಐಸ್ ಕಟ್ಟಿಸುವ ಬ್ರೈನ್ ಟ್ಯಾಂಕಿನ ಉಪ್ಪುನೀರು ಬೇರೆ. ಉಳಿದ ಉಪ್ಪು ತೇವ ಎಳೆದುಕೊಂಡು ಅಂಟಿನ ಅಡಿಯಲ್ಲೇ ತುಕ್ಕು ಹಿಡಿಸುತ್ತದೆ. ಸಿಹಿನೀರಿನ ಬಟ್ಟೆಯಲ್ಲಿ ಎರಡು ಸಲ ಒರೆಸಿ, ಒಣಬಟ್ಟೆ ಹಾಕಿ, ಆಮೇಲೆ ಅಸಿಟೋನ್. ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ. ಅಸಿಟೋನ್ ಆರುವಾಗ ಕಬ್ಬಿಣ ತಣ್ಣಗಾಗಿ, ಮಳೆಗಾಲದಲ್ಲಿ ಅದರ ಮೇಲೆ ತೆಳ್ಳಗೆ ನೀರು ಕೂರುತ್ತದೆ. ಅಸಿಟೋನ್ ಪೂರ್ತಿ ಆರಿ ವಾಸನೆ ಹೋದ ಮೇಲೆ ಹಾಟ್ ಏರ್ ಗನ್‌ನಲ್ಲಿ ಕೈಗೆ ಬೆಚ್ಚಗಾಗುವಷ್ಟು ಕಾಯಿಸಿ, ತಕ್ಷಣ ಅಂಟಿಸುತ್ತೇನೆ. ಊಟ ಮಾಡಿ ಬರುವಷ್ಟರಲ್ಲಿ ಕೆಂಪು ತುಕ್ಕು ಏರಬಹುದು.

ಇನ್‌ಸ್ಟಂಟ್ ಗಮ್ ಗಟ್ಟಿಯಾಗುವುದೇ ತೇವದಿಂದ. ಮಳೆಗಾಲದಲ್ಲಿ ಒತ್ತುವ ಮೊದಲೇ ಹಿಡಿದುಬಿಡುತ್ತದೆ. ಅದಕ್ಕೆ ಈಗ ಎರಡು ಟ್ಯೂಬಿನ ಎಪಾಕ್ಸಿ. ಸೆನ್ಸರನ್ನು ನೇರ ಅಂಟಿಸುವುದಿಲ್ಲ. ನಡುವೆ ಸ್ಕ್ರೂ ಇರುವ ಸಣ್ಣ ಉಕ್ಕಿನ ಪ್ಯಾಡ್ ಅಂಟಿಸುತ್ತೇನೆ. ಒಂದು ಹನಿ ಸಾಕು, ತಿರುವುತ್ತಾ ಒತ್ತಿದರೆ ಜಾಸ್ತಿಯಾದದ್ದು ಅಂಚಿನಿಂದ ಹೊರಬರುತ್ತದೆ. ಮಾಸ್ಕಿಂಗ್ ಟೇಪ್ ಸುತ್ತಿ ಮರುದಿನದವರೆಗೆ ಬಿಡುತ್ತೇನೆ. ಸೆನ್ಸರ್ ಬೇಕಾದಾಗ ಸ್ಕ್ರೂ ಬಿಚ್ಚಿದರಾಯಿತು. ಸುತ್ತಿಗೆ ಮಾತ್ರ ತೋರಿಸಬೇಡಿ, ಸೆನ್ಸರಿನೊಳಗೆ ಕಂಪನ ಹಿಡಿಯುವ ಸೆರಾಮಿಕ್ ಒಡೆಯುತ್ತದೆ.

ಕೇಬಲನ್ನು ಸೆನ್ಸರಿನಿಂದ ಒಂದು ಗೇಣಿನೊಳಗೆ ಕಟ್ಟಬೇಕು. ಸುಮ್ನೆ ತೂಗಿದರೆ ಅದರದ್ದೇ ಅಲುಗಾಟ ರೀಡಿಂಗ್‌ಗೆ ಸೇರುತ್ತದೆ. ಕನೆಕ್ಟರ್‌ಗೆ ಮೊದಲು ಕೆಳಗೆ ಒಂದು ಬಳಕು ಕೊಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಅಂಟಿಸಿದ ದಿನವೇ ಪಕ್ಕದಲ್ಲಿ ಸಣ್ಣ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ, ಮೇಲಿನ ಫ್ರೀಕ್ವೆನ್ಸಿಯಲ್ಲಿ ಎದ್ದ ಪೀಕ್ (ಗ್ರಾಫಿನ ಶಿಖರ) ಎಷ್ಟು ಹರ್ಟ್ಸ್‌ನಲ್ಲಿದೆ ಎಂದು ಡೈರಿಯಲ್ಲಿ ಬರೆದಿಡುತ್ತೇನೆ. ಮೆಷಿನ್ ನಿಂತಾಗಲೆಲ್ಲ ಮತ್ತೆ ತಟ್ಟುತ್ತೇನೆ. ಆ ಪೀಕ್ ಕಡಿಮೆ ಫ್ರೀಕ್ವೆನ್ಸಿಗೆ ಜಾರಿದ್ದರೆ ಅಂಟು ಸಡಿಲವಾಗಿರಬಹುದು, ಆಗ ಬೇರಿಂಗಿನ ರೀಡಿಂಗ್ ಓದುವುದನ್ನು ಬಿಟ್ಟು ಮೊದಲು ಪ್ಯಾಡ್ ನೋಡುತ್ತೇನೆ.