ವುಡ್ ಚಿಪ್ಪರ್‌ನ ಹೈಡ್ರಾಲಿಕ್ ಆಯಿಲ್: ಆಯ್ಕೆ ಮತ್ತು ನಿರ್ವಹಣೆ

ಕೊಂಬೆಗಳನ್ನು ಚೂರು ಮಾಡುವ ಯಂತ್ರವಾದ ವುಡ್ ಚಿಪ್ಪರ್‌ನ ಬ್ಲೇಡುಗಳನ್ನು ಎಂಜಿನ್ ತಿರುಗಿಸುತ್ತದೆ. ಕೊಂಬೆಯನ್ನು ಕಚ್ಚಿ ಒಳಕ್ಕೆಳೆಯುವ ಫೀಡ್ ರೋಲರ್‌ಗಳನ್ನು ಅನೇಕ ಯಂತ್ರಗಳಲ್ಲಿ ಒತ್ತಡದಲ್ಲಿ ಹರಿಯುವ ಎಣ್ಣೆಯಿಂದ ನಡೆಯುವ ಹೈಡ್ರಾಲಿಕ್ ಮೋಟರ್ ತಿರುಗಿಸುತ್ತದೆ. ಆ ಮೋಟರಿಗೆ ಬಲವನ್ನು ಒಯ್ಯುವುದು, ಎಣ್ಣೆಯನ್ನು ಒತ್ತಿ ಕಳಿಸುವ ಪಂಪಿನ ಒಳಭಾಗಗಳು ಸವೆಯದಂತೆ ಕಾಯುವುದು, ಹುಟ್ಟಿದ ಬಿಸಿಯನ್ನು ಹೊರಕ್ಕೆ ಸಾಗಿಸುವುದು, ಈ ಮೂರೂ ಒಂದೇ ಎಣ್ಣೆಯ ಕೆಲಸ.

ಎಣ್ಣೆ ಕೊಳ್ಳುವ ಮುನ್ನ ಯಂತ್ರದ ಕೈಪಿಡಿಯನ್ನು ನೋಡಬೇಕು. ಡಬ್ಬಿಯ ಮೇಲಿನ ಐಎಸ್‌ಒ ವಿಜಿ 32, 46, 68 ಎಂಬ ಸಂಖ್ಯೆಗಳು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಎಣ್ಣೆಯ ಸ್ನಿಗ್ಧತೆ, ಅಂದರೆ ಹರಿಯುವಾಗಿನ ಮಂದತನ, ಎಷ್ಟೆಂಬುದನ್ನು ತಿಳಿಸುತ್ತವೆ. ಸಾಮಾನ್ಯವಾಗಿ ಚಳಿ ಹೆಚ್ಚಿರುವಲ್ಲಿ 32, ಹಿತವಾದ ಹವೆಯಲ್ಲಿ 46, ಬಿಸಿಲಿನಲ್ಲಿ ದೀರ್ಘಕಾಲ ದುಡಿಯುವ ಯಂತ್ರಕ್ಕೆ 68 ಹೊಂದುತ್ತದೆ. ಎಣ್ಣೆ ತೀರ ಗಟ್ಟಿಯಾದರೆ ಚಳಿಯಲ್ಲಿ ಪಂಪಿಗೆ ಅದನ್ನು ಸಾಕಷ್ಟು ಎಳೆದುಕೊಳ್ಳಲಾಗದು. ತೀರ ತೆಳುವಾದರೆ ಬಿಸಿಯಾದಾಗ ಪಂಪಿನೊಳಗೇ ಸೋರಿ, ಒತ್ತಡ ಕುಸಿದು, ದಪ್ಪ ಕೊಂಬೆ ಬಂದೊಡನೆ ರೋಲರ್ ನಿಂತುಬಿಡುತ್ತದೆ. ಚಳಿ, ಸೆಕೆ ಎರಡರಲ್ಲೂ ಯಂತ್ರ ಓಡಿಸುವವರಿಗೆ ಸ್ನಿಗ್ಧತಾ ಸೂಚ್ಯಂಕ ಹೆಚ್ಚಿರುವ, ಅಂದರೆ ಬಿಸಿ ಏರಿಳಿದರೂ ಸ್ನಿಗ್ಧತೆ ಹೆಚ್ಚು ಬದಲಾಗದ, ಎಚ್‌ವಿ ವರ್ಗದ ಎಣ್ಣೆ ಉತ್ತಮ. ಉಳಿದವರಿಗೆ ಸವೆತ ತಡೆಯುವ ಅಂಶಗಳಿರುವ ಎಚ್‌ಎಂ ವರ್ಗ ಸಾಕು. ಟ್ರ್ಯಾಕ್ಟರಿನ ಹೈಡ್ರಾಲಿಕ್ಸ್‌ನಿಂದಲೇ ನಡೆಯುವ ಚಿಪ್ಪರ್‌ಗೆ ಟ್ರ್ಯಾಕ್ಟರ್ ತಯಾರಕರು ಹೇಳಿದ ಎಣ್ಣೆಯನ್ನೇ ಬಳಸಬೇಕು, ಏಕೆಂದರೆ ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಗೇರ್‌ಬಾಕ್ಸಿಗೂ ಬ್ರೇಕಿಗೂ ಅದೇ ಎಣ್ಣೆ ಹೋಗುತ್ತದೆ. ಕಾರು, ಬೈಕುಗಳ ಬ್ರೇಕಿಗೆ ಹಾಕುವ ಬ್ರೇಕ್ ಆಯಿಲನ್ನು ಮಾತ್ರ ಎಂದಿಗೂ ಸುರಿಯಬಾರದು. ಅದು ಸೀಲುಗಳನ್ನು ಕೆಡಿಸುತ್ತದೆ. ಬಣ್ಣ ಒಂದೇ ಎಂದು ಎರಡು ಬಗೆಯ ಎಣ್ಣೆಗಳನ್ನು ಬೆರೆಸುವುದೂ ಸಲ್ಲದು.

ನನ್ನ ದೃಷ್ಟಿಯಲ್ಲಿ ಬ್ರ್ಯಾಂಡಿಗಿಂತ ಶುಚಿತ್ವ ದೊಡ್ಡದು. ಚಿಪ್ಪರ್ ತನ್ನ ಸುತ್ತಲೂ ಮರದ ಹೊಟ್ಟು ಮತ್ತು ಮಣ್ಣಿನ ಧೂಳನ್ನು ಎಬ್ಬಿಸುತ್ತಲೇ ಇರುವ ಯಂತ್ರ. ಟ್ಯಾಂಕಿನ ಮುಚ್ಚಳದ ಅಂಚಿನಲ್ಲಿ ಕೂತ ಆ ಧೂಳು ಮುಚ್ಚಳ ತೆರೆದೊಡನೆ ಒಳಕ್ಕೆ ಬೀಳುತ್ತದೆ, ಅಲ್ಲಿಂದ ಪಂಪಿನ ಸೂಕ್ಷ್ಮ ಸಂದುಗಳನ್ನು ಸೇರಿ ಲೋಹವನ್ನು ಉಜ್ಜುತ್ತದೆ. ಆದ್ದರಿಂದ ತೆರೆಯುವ ಮುನ್ನ ಸುತ್ತಲನ್ನೂ ಒರೆಸಿ, ಶುಚಿಯಾದ ಲಾಳಿಕೆಯನ್ನೇ ಬಳಸಬೇಕು. ಹೊಸ ಡಬ್ಬಿಯ ಎಣ್ಣೆಯಲ್ಲೂ ಕಣ್ಣಿಗೆ ಕಾಣದ ಕಣಗಳಿರುತ್ತವೆ. ಸಾಧ್ಯವಿದ್ದರೆ ಸೂಕ್ಷ್ಮ ಫಿಲ್ಟರಿನ ಮೂಲಕ ತುಂಬುವುದು ಮೇಲು. ಟ್ಯಾಂಕಿಗೆ ಗಾಳಿಯಾಡಲು ಇರುವ ಬ್ರೀದರ್ ಹೊಟ್ಟಿನಿಂದ ಕಟ್ಟಿಕೊಳ್ಳದಂತೆ, ಎಣ್ಣೆ ತಣಿಸುವ ಕೂಲರ್ ಇದ್ದರೆ ಅದರ ರೆಕ್ಕೆಗಳ ನಡುವೆ ಕಸ ತುಂಬದಂತೆ ಪ್ರತಿ ಸಲ ಕೆಲಸ ಮುಗಿಸಿದಾಗ ನೋಡಿಕೊಳ್ಳಬೇಕು. ಎಣ್ಣೆ ಅತಿಯಾಗಿ ಕಾದಷ್ಟೂ ಬೇಗ ಹಾಳಾಗುತ್ತದೆ.

ಎಣ್ಣೆಯ ಮಟ್ಟವನ್ನು ಯಂತ್ರ ಸಮತಟ್ಟಾದ ನೆಲದಲ್ಲಿ ನಿಂತು ತಣ್ಣಗಿರುವಾಗ ಅಳೆಯಿರಿ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಅತಿಯಾಗಿ ಕಾದಿದೆ. ಈ ಎರಡರಲ್ಲೂ ಎಣ್ಣೆ ಬದಲಿಸಿ, ಕಾರಣವನ್ನೂ ಹುಡುಕಬೇಕು. ನೊರೆ ಎದ್ದರೆ ಮಟ್ಟ ಇಳಿದಿರಬಹುದು, ಇಲ್ಲವೇ ಪಂಪಿಗೆ ಎಣ್ಣೆ ಒಯ್ಯುವ ಹೋಸಿನ ಜೋಡಣೆ ಗಾಳಿ ಎಳೆಯುತ್ತಿರಬಹುದು. ಸೋರಿಕೆಯನ್ನು ಬರಿಗೈಯಲ್ಲಾಗಲಿ ಕೈಗವಸು ತೊಟ್ಟಾಗಲಿ ಮುಟ್ಟಿ ಹುಡುಕಬಾರದು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಹೋಗಬಲ್ಲದು. ರಟ್ಟಿನ ತುಂಡು ಹಿಡಿದು ನೋಡಿ. ಹಾಗೆ ಗಾಯವಾದರೆ, ಅದು ಎಷ್ಟೇ ಚಿಕ್ಕದಾಗಿ ಕಂಡರೂ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಬದಲಿಸುವ ಅವಧಿಗೆ ಕೈಪಿಡಿಯೇ ಆಧಾರ. ಹೊಸ ಯಂತ್ರದಲ್ಲಿ ಆರಂಭದ ಸವೆತದ ಲೋಹಕಣಗಳು ಫಿಲ್ಟರಿನಲ್ಲಿ ಸೇರುವುದರಿಂದ ಮೊದಲ ಫಿಲ್ಟರ್ ಬದಲಾವಣೆ ಬೇಗನೆ ಬರುತ್ತದೆ. ಎಂಜಿನ್ ನಿಲ್ಲಿಸಿ, ಕೀ ತೆಗೆದು, ಬ್ಲೇಡುಗಳು ಪೂರ್ತಿ ನಿಂತ ಮೇಲೆ, ಎಣ್ಣೆ ಉಗುರುಬೆಚ್ಚಗಿರುವಾಗ ಬಸಿಯಿರಿ. ಕೊಳೆ ಅದರೊಡನೆ ಹರಿದು ಹೋಗುತ್ತದೆ. ಬಸಿದುದನ್ನು ಮಣ್ಣಿಗಾಗಲಿ ಚರಂಡಿಗಾಗಲಿ ಸುರಿಯದೆ ಬಳಸಿದ ಎಣ್ಣೆ ಸಂಗ್ರಹಿಸುವವರಿಗೆ ಒಪ್ಪಿಸಿ. ಫಿಲ್ಟರ್ ಹಾಕಿ ಹೊಸ ಎಣ್ಣೆ ತುಂಬಿದ ನಂತರ ಕೊಂಬೆ ಕೊಡದೆ ರೋಲರ್‌ಗಳನ್ನು ಮುಂದಕ್ಕೂ ಹಿಂದಕ್ಕೂ ಕೆಲವು ನಿಮಿಷ ಓಡಿಸಿ, ಗಾಳಿ ಹೊರಬಿದ್ದ ಮೇಲೆ ಯಂತ್ರ ನಿಲ್ಲಿಸಿ ಎಣ್ಣೆಯ ಮಟ್ಟವನ್ನು ಮತ್ತೊಮ್ಮೆ ನೋಡಿ, ಕಡಿಮೆಯಿದ್ದಷ್ಟನ್ನು ತುಂಬಿರಿ.