ಅಶ್ವಗಂಧದ ಬೇರು: ಫ್ಲಾಸ್ಕಿನಲ್ಲಿ ಔಷಧಾಂಶ ಹೆಚ್ಚಿಸುವ ಬಗೆ

ಹೊಲದಲ್ಲಿ ಅಶ್ವಗಂಧದ ಬೇರು ಕೀಳಲು ಐದಾರು ತಿಂಗಳು ಕಾಯಬೇಕು. ಮಣ್ಣು, ಮಳೆಗೆ ತಕ್ಕಂತೆ ಅದರ ಮುಖ್ಯ ಔಷಧಾಂಶವಾದ ವಿಥನೊಲೈಡ್ ಕೂಡ ಏರುಪೇರಾಗುತ್ತದೆ. ಪ್ರಯೋಗಾಲಯದಲ್ಲಿ ಬೇರನ್ನಷ್ಟೇ ಬೆಳೆಸಿದರೆ ಕೆಲವೇ ವಾರಗಳಲ್ಲಿ ಕೊಯ್ಲು ಸಾಧ್ಯ. ಆದರೆ ಬೇರು ಹುಲುಸಾಗಿ ಬೆಳೆಯುವುದೂ ಅದರಲ್ಲಿ ಔಷಧಾಂಶ ತುಂಬಿಕೊಳ್ಳುವುದೂ ಒಂದೇ ಅಲ್ಲ ಎಂಬುದನ್ನು ಮೊದಲೇ ಮನಗಾಣಬೇಕು.

ಸೋಂಕಿಲ್ಲದಂತೆ ಬೆಳೆಸಿದ ಸಸಿಯ ಎಲೆಯನ್ನು ಬ್ಲೇಡಿನಿಂದ ಗೀರಿ, ಅಗ್ರೋಬ್ಯಾಕ್ಟೀರಿಯಂ ರೈಜೋಜೀನಸ್ ಬ್ಯಾಕ್ಟೀರಿಯಾ ಇರುವ ದ್ರವದಲ್ಲಿ ಅದ್ದಿ, ಎರಡು ದಿನಗಳ ನಂತರ, ಬ್ಯಾಕ್ಟೀರಿಯಾವನ್ನು ಕೊಲ್ಲುವ ಸೆಫೊಟಾಕ್ಸಿಮ್ ಎಂಬ ಪ್ರತಿಜೀವಕ ಬೆರೆಸಿದ ಪೋಷಕ ಮಾಧ್ಯಮಕ್ಕೆ ವರ್ಗಾಯಿಸಬೇಕು. ಈ ಬ್ಯಾಕ್ಟೀರಿಯಾ ತನ್ನ ‘ರಾಲ್’ ಜೀನ್‌ಗಳನ್ನು ಸಸ್ಯಕೋಶಕ್ಕೆ ಸೇರಿಸುವುದರಿಂದ, ಗಾಯದ ಜಾಗದಲ್ಲಿ ಕೂದಲಿನಂಥ ಬಿಳಿ ಬೇರುಗಳು ಮೂಡಿ, ಹೊರಗಿನ ಹಾರ್ಮೋನ್ ಇಲ್ಲದೆಯೇ ಕವಲೊಡೆಯುತ್ತವೆ. ಜೀನ್ ಸೇರುವ ಸ್ಥಾನ ಒಂದೊಂದರಲ್ಲೂ ಬೇರೆಯಾಗಿರುವುದರಿಂದ ಪ್ರತಿ ಬೇರನ್ನೂ ಪ್ರತ್ಯೇಕ ತಳಿಯಾಗಿಯೇ ಬೆಳೆಸಿ, ನಿರ್ದಿಷ್ಟ ಜೀನ್ ಇದೆಯೇ ಎಂದು ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಯಲ್ಲಿ ‘ರಾಲ್-ಬಿ’ ಇರುವುದನ್ನೂ, ಸಸ್ಯಕೋಶಕ್ಕೆ ಸೇರದೆ ಬ್ಯಾಕ್ಟೀರಿಯಾದಲ್ಲೇ ಉಳಿಯುವ ‘ವಿರ್-ಡಿ’ ಜೀನ್ ಇಲ್ಲದಿರುವುದನ್ನೂ ಖಚಿತಪಡಿಸಿಕೊಳ್ಳಬೇಕು. ‘ವಿರ್-ಡಿ’ ಕಂಡುಬಂದರೆ ಬ್ಯಾಕ್ಟೀರಿಯಾ ಇನ್ನೂ ಉಳಿದಿದೆ ಎಂದರ್ಥ. ತಳಿಯ ಆಯ್ಕೆಯಲ್ಲಿ ಅವಸರ ಖಂಡಿತ ಕೂಡದು. ದುರ್ಬಲ ತಳಿಯನ್ನು ಹಿಡಿದು ಮುಂದೆ ಎಷ್ಟು ಶ್ರಮಪಟ್ಟರೂ ಫಲ ಸಿಗುವುದು ಕಷ್ಟ. ಇದು ಕುಲಾಂತರಿ ಕೆಲಸವಾದ್ದರಿಂದ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಮೊದಲೇ ಇರಬೇಕು.

ಆಯ್ದ ತಳಿಯನ್ನು ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ರೂಪಿಸಿದ ಪೋಷಕ ಮಾಧ್ಯಮದ ದ್ರವರೂಪದಲ್ಲಿ, ಕತ್ತಲಲ್ಲಿ, 25 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ, ಫ್ಲಾಸ್ಕನ್ನು ಸತತ ಅಲುಗಾಡಿಸುವ ಶೇಕರ್ ಮೇಲೆ ಬೆಳೆಸಬೇಕು. ಸಕ್ಕರೆಯ ಪ್ರಮಾಣವೂ ಮುಖ್ಯ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಬೇರಿನ ತೂಕಕ್ಕೆ ಶೇ 3ರಷ್ಟು ಸುಕ್ರೋಸ್ ಅನುಕೂಲಕರವಾಗಿದ್ದರೆ, ವಿಥನೊಲೈಡ್-ಎ ಹೆಚ್ಚಿದ್ದು ಶೇ 4ರಲ್ಲಿ.

ಔಷಧಾಂಶದ ತಯಾರಿಯನ್ನು ಕೆರಳಿಸುವ ಪ್ರಚೋದಕವನ್ನು ಸೇರಿಸುವುದು ಬೇರು ಚೆನ್ನಾಗಿ ತೂಕ ಪಡೆದ ಮೇಲೆ. ಕೀಟ ಕಚ್ಚಿದಾಗ ಗಿಡದೊಳಗೆ ಹರಡುವ ಎಚ್ಚರಿಕೆಯ ಸಂಕೇತವನ್ನೇ ಮೀಥೈಲ್ ಜಾಸ್ಮೊನೇಟ್ ನೀಡುತ್ತದೆ. ಬೇರು ಬೆಳವಣಿಗೆಯನ್ನು ತಗ್ಗಿಸಿ ರಕ್ಷಣಾ ರಾಸಾಯನಿಕಗಳ ತಯಾರಿಗೆ ತೊಡಗುತ್ತದೆ. ಸ್ಯಾಲಿಸಿಲಿಕ್ ಆಮ್ಲವನ್ನೂ ಬಳಸಬಹುದು. ಮೀಥೈಲ್ ಜಾಸ್ಮೊನೇಟನ್ನು ಎಥನಾಲಿನಲ್ಲಿ ಕರಗಿಸಿ, 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, 50, 100, 150 ಮೈಕ್ರೊಮೋಲಾರ್ ಪ್ರಮಾಣಗಳಲ್ಲಿ ಬೇರೆ ಬೇರೆ ಫ್ಲಾಸ್ಕುಗಳಿಗೆ ಹಾಕಿ ನೋಡಬೇಕು. ಪ್ರಚೋದಕ ಹಾಕದ ಹೋಲಿಕೆಯ ಫ್ಲಾಸ್ಕಿಗೂ ಅಷ್ಟೇ ಎಥನಾಲ್ ಸೇರಿಸುವುದನ್ನು ಮರೆಯಬಾರದು. ಬೇರಿನ ತುದಿಗಳು ಕಂದತೊಡಗಿದರೆ ಪ್ರಮಾಣವೋ ಅವಧಿಯೋ ಮಿತಿಮೀರಿದೆ ಎಂದು ತಿಳಿಯಬೇಕು.

ಕೊಯ್ದ ಬೇರನ್ನು ಒಣಗಿಸಿ, ಮೆಥನಾಲಿನಲ್ಲಿ ಸಾರ ತೆಗೆದು, ಸಾರದಲ್ಲಿನ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ವಿಥನೊಲೈಡ್ ಪ್ರಮಾಣವನ್ನು ಕಂಡುಕೊಳ್ಳುತ್ತಾರೆ. ಪ್ರತಿ ಗ್ರಾಂ ಒಣಬೇರಿನ ಲೆಕ್ಕವೊಂದನ್ನೇ ನೋಡಿದರೆ ಸಾಲದು. ಅದನ್ನು ಇಡೀ ಫ್ಲಾಸ್ಕಿನ ಒಣತೂಕದಿಂದ ಗುಣಿಸಿ, ಉಳಿದ ದ್ರವಕ್ಕೆ ಸೋರಿಹೋದ ಅಂಶವನ್ನೂ ಕೂಡಿಸಿದ ಮೇಲೆಯೇ ಎರಡು ಫ್ಲಾಸ್ಕುಗಳನ್ನು ಹೋಲಿಸಬೇಕು.