ಒಣಗಿಸಿದರೆ ಹುಟ್ಟದ ಬೀಜ: ಸಸ್ಯೋದ್ಯಾನಕ್ಕೆ ಮುರುಗಲು, ಉಪ್ಪಾಗೆ, ರಾಮಪತ್ರೆ ಸಸಿ

ಕಾಲೇಜಿನ ಸಸ್ಯೋದ್ಯಾನದಲ್ಲಿ ಶಿರಸಿ, ಸಿದ್ದಾಪುರ ಕಡೆಯ ಕಾಡುಮರಗಳ ಬೀಜ ಹುಟ್ಟದಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ: ಬಿಸಿಲಿಗೆ ಹರವಿದ್ದಿರಾ? ಭತ್ತ, ಹುರುಳಿಗೆ ಸರಿಹೋಗುವ ಕ್ರಮ ಇವಕ್ಕೆ ಆಗದು. ಒಳಗಿನ ನೀರು ಆರಿದರೆ ಬೀಜ ಸತ್ತಂತೆ. ತುಪ್ಪ (ಬೀಜದ ಗಟ್ಟಿ ಕೊಬ್ಬು) ತೆಗೆಯಲು ಒಣಗಿಸಿಟ್ಟ ಮುರುಗಲು (ಕೋಕಂ) ಬೀಜವನ್ನು ತಂದು ಬಿತ್ತುವುದೂ ಬೇಡ, ಫ್ರಿಜ್ಜಿನಲ್ಲಿಡುವುದೂ ಬೇಡ.

ಮುರುಗಲು ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣಾಗುತ್ತದೆ. ಬೀಜಕ್ಕೆ ಅಂಟಿದ ತಿರುಳನ್ನು ಮರಳಿನಲ್ಲಿ ತಿಕ್ಕಿ ತೊಳೆದು, ನೆರಳಲ್ಲಿ ಮೇಲಿನ ಪಸೆ ಆರಿದ ಕೂಡಲೇ ಬಿತ್ತಿ. ತಿರುಳು ಉಳಿದರೆ ಬೂಸ್ಟು ಹಿಡಿಯುತ್ತದೆ, ಇರುವೆಯೂ ಬರುತ್ತದೆ. ಸುಮಾರು ಮೂರು ವಾರದಲ್ಲಿ ಮೊಳಕೆ ಕಾಣುತ್ತದೆ.

ಮುರುಗಲಿನ ಜಾತಿಯದೇ ಹುಳಿಹಣ್ಣಿನ ಮರವಾದ ಉಪ್ಪಾಗೆಗೆ ತಾಳ್ಮೆ ಬೇಕು. ಮಳೆಗಾಲದಲ್ಲಿ ಸಿಗುವ ಇದರ ಬೀಜವನ್ನು ಹಾಗೇ ಬಿತ್ತಿದರೆ ಅರ್ಧ ವರ್ಷ ಕಾದರೂ ಆಶ್ಚರ್ಯವಿಲ್ಲ. ಹೊರಸಿಪ್ಪೆಯನ್ನು ಉಗುರಿನಿಂದ ಎಚ್ಚರದಿಂದ ಸುಲಿದು ಬಿತ್ತಿದರೆ ಬೇಗ ಹುಟ್ಟುತ್ತದೆ. ಒಳಗಿನ ತಿರುಳಿಗೆ ಗಾಯವಾದರೆ ಮಾತ್ರ ಕೊಳೆಯುತ್ತದೆ.

ಜಾಯಿಕಾಯಿಯ ಕಾಡು ನೆಂಟ ರಾಮಪತ್ರೆಯ ಕಾಯಿಯನ್ನು ಮರದಿಂದ ಬಡಿದು ಇಳಿಸಬೇಡಿ, ಎಳೆಬೀಜ ಹುಟ್ಟುವುದಿಲ್ಲ. ಕಾಯಿ ತಾನಾಗಿ ಬಿರಿದು ಒಳಗಿನ ಪತ್ರೆ (ಬೀಜ ಸುತ್ತಿದ ಹೊದಿಕೆ) ಕಂಡಾಗಲೇ ಅದು ಬಲಿತದ್ದು. ಮಂಗಟ್ಟೆ ಹಕ್ಕಿ ಕೂರುವ ಕೊಂಬೆಯ ಬುಡವನ್ನೂ ಹುಡುಕಿ: ಪತ್ರೆ ನುಂಗಿ ಕಕ್ಕಿದ ಬೀಜ ಸುಲಿದಿಟ್ಟಂತೆ ಬಿದ್ದಿರುತ್ತದೆ. ಬೀಜವನ್ನು ಒದ್ದೆ ಮರಳಿನಲ್ಲಿ ಅಡ್ಡ ಮಲಗಿಸಿ, ಮೇಲೆ ಎರಡು ಸೆಂಟಿಮೀಟರ್ ಮರಳು ಸಾಕು. ತಾಯಿಬೇರು ಎಲೆಗಿಂತ ಮೊದಲೇ ಆಳಕ್ಕಿಳಿಯುವುದರಿಂದ, ಮೊಳಕೆ ಒಡೆದದ್ದನ್ನು ತಡಮಾಡದೆ ಉದ್ದದ ಕೊಟ್ಟೆಗೆ (ಸಸಿ ಬೆಳೆಸುವ ಚೀಲಕ್ಕೆ) ವರ್ಗಾಯಿಸಿ. ಗಿಡ್ಡ ಕೊಟ್ಟೆಯಲ್ಲಿ ಬೇರು ಸುರುಳಿ ಸುತ್ತುತ್ತದೆ, ನೆಟ್ಟ ಮೇಲೂ ಅದು ಬಿಚ್ಚದು.

ಕೊಟ್ಟೆಗೆ ಎರಡು ಪಾಲು ಕಾಡುಮಣ್ಣು, ತಲಾ ಒಂದು ಪಾಲು ಮರಳು, ಹಳೆಯ ಕೊಟ್ಟಿಗೆ ಗೊಬ್ಬರ. ಹಸಿ ಗೊಬ್ಬರ ಹಾಕಿದರೆ ಬೇರು ಸುಡುತ್ತದೆ. ಮೇಲೆ ಅಡಿಕೆ ಸೋಗೆಯ ಚಪ್ಪರ, ಪಾತಿಗೆ ತಂತಿಬಲೆ. ಇಲಿಗೆ ಬೀಜದ ಜಾಗ ಒಂದೇ ರಾತ್ರಿಯಲ್ಲಿ ಗೊತ್ತಾಗುತ್ತದೆ.

ಮುರುಗಲಿನಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಬೀಜದ ಸಸಿಗಳಲ್ಲಿ ಸುಮಾರು ಅರ್ಧ ಗಂಡೇ, ಅದೂ ಹೂ ಬಿಡುವವರೆಗೆ ತಿಳಿಯುವುದಿಲ್ಲ. ಹಾಗಾಗಿ ಹಣ್ಣು ಬೇಕಾದರೆ ಒಳ್ಳೆಯ ಹೆಣ್ಣುಮರದ ನೆಟ್ಟಗೆ ಏರುವ ಚಿಗುರು ತಂದು ಬೀಜದ ಸಸಿಗೆ ಕಸಿ ಕಟ್ಟಬೇಕು. ಪಕ್ಕದ ಕೊಂಬೆಯಿಂದ ತೆಗೆದದ್ದು ಎತ್ತರಕ್ಕೇರದೆ ಪೊದೆಯಂತೆ ಹರಡುತ್ತದೆ. ನರ್ಸರಿಯಲ್ಲಿ ಇದನ್ನು ನೋಡದೆ ಕೊಳ್ಳುವವರೇ ಹೆಚ್ಚು. ಕಸಿಕಡ್ಡಿ 10ರಿಂದ 15 ಸೆಂಟಿಮೀಟರ್ ಉದ್ದವಿರಲಿ, ಬೆಣೆಯಂತೆ ಕೊಯ್ದು ಸಸಿಯ ಕಾಂಡದ ಸೀಳಿಗೆ ಸೇರಿಸಿ ಬಿಗಿದು, ಪ್ಲಾಸ್ಟಿಕ್ ಟೋಪಿ ಹಾಕಿ ನೆರಳಲ್ಲಿಡಿ. ಚಿಗುರಿದ ಮೇಲೆ ಟೋಪಿ ತೆಗೆಯಿರಿ. ಹತ್ತು ಹೆಣ್ಣಿಗೆ ಒಂದು ಗಂಡು ಗಿಡ ಬಿಡಿ.

ಸಿದ್ದಾಪುರದ ಕತ್ತಲೆಕಾನಿನಂಥ ಜೌಗು ಕಾಡಿನ ಬೀಜ ಮಾತ್ರ ಅಲ್ಲೇ ಬಿದ್ದಿರಲಿ. ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರ ಹೊಸ ಪ್ರಭೇದವೆಂದು 2000ದಲ್ಲಷ್ಟೇ ದಾಖಲಾದದ್ದು ಅಲ್ಲಿಂದ. ಬೇರೆ ಕಾಡಿನಿಂದ ತರುವುದಾದರೂ ಅರಣ್ಯ ಇಲಾಖೆಯ ಅನುಮತಿ ಮೊದಲು. ಯಾವ ಊರು, ಯಾವ ಮರ, ಯಾವ ದಿನದ ಬೀಜ ಎಂದು ಕೊಟ್ಟೆಗೆ ಚೀಟಿ ಕಟ್ಟಿ. ಶಾಯಿಯಲ್ಲಿ ಬರೆದರೆ ಮೊದಲ ಮಳೆಗೇ ಅಳಿಸುತ್ತದೆ, ಸೀಸದ ಕಡ್ಡಿ ಒಳ್ಳೆಯದು.